ಹೆತ್ತವರನ್ನೂ ಯಾರಾದರೂ ಕೇಳಬೇಕು

ಹೈದರಾಬಾದಿನ ಕುಷಾಯಿಗೂಡದಲ್ಲೋ ಪಕ್ಕದ ಇಸಿಐಎಲ್ ಕ್ರಾಸ್ ರೋಡಿನ ನರ್ಸಿಂಗ್ ಹೋಮಿನಲ್ಲೋ ಹುಟ್ಟಿದ ಕೂಸಿನ ತುಟಿ, ಉಗುರು ನೀಲಿಗಟ್ಟಿದರೆ, ಉಸಿರು ಮೇಲೆ ಮೇಲೆ ಬರತೊಡಗಿದರೆ, ಸಾಮಾನ್ಯವಾಗಿ ಅದನ್ನು ಅಲ್ಲೇ ಇಟ್ಟುಕೊಳ್ಳುವುದಿಲ್ಲ. ಆಂಬುಲೆನ್ಸ್ ಬರುತ್ತದೆ. ರೆಡ್ ಹಿಲ್ಸ್‌ನ ನಿಲೋಫರ್ ಆಸ್ಪತ್ರೆಗೋ, ಪಂಜಗುಟ್ಟದ ನಿಮ್ಸ್‌ಗೋ, ಬಂಜಾರಾ ಹಿಲ್ಸ್ ಕಡೆಯ ಖಾಸಗಿ ಆಸ್ಪತ್ರೆಗೋ ಊರಿನ ಸಂದಣಿ ದಾಟಿ ಹೋಗಬೇಕು. ಕೂಸಿನ ಜೊತೆ ಅಪ್ಪ ಹತ್ತುತ್ತಾನೆ. ಸಿಸೇರಿಯನ್ ಆದ ತಾಯಿ ಹಸಿ ಹೊಲಿಗೆ ಹೊತ್ತು ಇಲ್ಲೇ ಉಳಿಯುತ್ತಾಳೆ. ಅಕ್ಕಪಕ್ಕದ ಮಂಚಗಳಲ್ಲಿ ಮಕ್ಕಳು ಅಳುತ್ತವೆ. ಎರಡು ಮೂರು ದಿನಕ್ಕೆ ಇವಳ ಎದೆಗೂ ಹಾಲು ಇಳಿಯುತ್ತದೆ, ಕುಡಿಯಲು ಕೂಸಿಲ್ಲ. ಅತ್ತ ಅಪ್ಪ ಐಸಿಯು ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿರುತ್ತಾನೆ. ಒಳಗಿನಿಂದ ಯಾರೋ ಬಂದು ಒಂದು ಕಾಗದ ಚಾಚಿ ಸಹಿ ಹಾಕಲು ಹೇಳುತ್ತಾರೆ.

ಕೂಸಿನ ಬಗ್ಗೆ ಆಸ್ಪತ್ರೆಯ ಫೈಲಿನಲ್ಲಿ ಎಲ್ಲವೂ ಇರುತ್ತದೆ: ತೂಕ, ರಕ್ತದ ಆಮ್ಲಜನಕ, ಹೃದಯದ ಎಕೋ ಸ್ಕ್ಯಾನಿನ ವರದಿ. ಈ ಇಬ್ಬರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅವರು ನಿದ್ದೆ ಮಾಡಿದರೋ ಇಲ್ಲವೋ, ಊಟ ಸೇರುತ್ತಿದೆಯೋ ಇಲ್ಲವೋ ಎಂದು ಕೇಳುವುದು ಯಾರ ಕೆಲಸವೂ ಅಲ್ಲ. ಅದು ಒಬ್ಬರ ಕೆಲಸ ಆಗಲೇಬೇಕು. ಹೆತ್ತವರ ಮನಸ್ಸನ್ನು ನೋಡಿಕೊಳ್ಳುವುದು ಮಗುವಿಗೆ ಕೊಡುವ ಚಿಕಿತ್ಸೆಯ ಒಂದು ಭಾಗ.

ಹುಟ್ಟುವ ಪ್ರತಿ ನೂರು ಮಕ್ಕಳಲ್ಲಿ ಸುಮಾರು ಒಂದಕ್ಕೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷ ಇರುತ್ತದೆ. ಭಾರತದಲ್ಲಿ ವರ್ಷಕ್ಕೆ ಇಂತಹ 2 ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟುತ್ತಾರೆ ಎಂಬುದು ವೈದ್ಯರ ಅಂದಾಜು. ಅವರಲ್ಲಿ ಸುಮಾರು ಐದನೇ ಒಂದು ಭಾಗಕ್ಕೆ ಮೊದಲ ವರ್ಷದೊಳಗೇ ಆಪರೇಷನ್ನೋ ಬೇರೆ ಚಿಕಿತ್ಸೆಯೋ ಬೇಕು. ನಮ್ಮ ಜನ ಇದೆಲ್ಲಕ್ಕೂ ‘ಹಾರ್ಟ್‌ನಲ್ಲಿ ತೂತು’ ಎಂದು ಒಂದೇ ಹೆಸರು ಇಟ್ಟಿದ್ದಾರೆ. ಕೆಳಗಿನ ಎರಡು ಕೋಣೆಗಳ ನಡುವಿನ ಸಣ್ಣ ರಂಧ್ರ ಎಷ್ಟೋ ಮಕ್ಕಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿ ಹುಟ್ಟಿದ ಮಗುವಿಗೆ ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲೇ ಆಪರೇಷನ್ ಆಗಬೇಕು. ಹೃದಯದ ಎಡಭಾಗವೇ ಸರಿಯಾಗಿ ಬೆಳೆಯದ ಮಗುವಿನ ದಾರಿ ಇನ್ನೂ ಕಠಿಣ; ಒಂದರ ಮೇಲೊಂದು ಆಪರೇಷನ್. ತಮ್ಮ ಮಗುವಿಗೆ ಇರುವುದು ಇವುಗಳಲ್ಲಿ ಯಾವುದು ಎಂದು ಸ್ಪಷ್ಟವಾಗಿ ತಿಳಿಯದೆ ಮನೆಗೆ ಬಂದ ತಾಯಿತಂದೆ ಅತಿ ಕೆಟ್ಟದ್ದನ್ನೇ ನೆನೆದು ರಾತ್ರಿ ಕಳೆಯುತ್ತಾರೆ. ಡಾಕ್ಟರು ಬಿಳಿ ಹಾಳೆಯ ಮೇಲೆ ಹೃದಯದ ನಾಲ್ಕು ಕೋಣೆ ಬರೆದು ‘ನಿಮ್ಮ ಮಗುವಿನದು ಇಲ್ಲಿ, ಹೀಗೆ’ ಎಂದು ತೋರಿಸಲು ಐದು ನಿಮಿಷ ಸಾಕು. ಆ ಹಾಳೆಯನ್ನು ಕೇಳಿ ಪಡೆಯಿರಿ, ಮನೆಗೆ ತನ್ನಿ. ಅದೇ ಪ್ರಶ್ನೆಯನ್ನು ಮೂರು ಸಲ ಕೇಳಲು ಸಂಕೋಚ ಬೇಡ. ಗಾಬರಿಗೊಂಡ ಮನಸ್ಸಿನಲ್ಲಿ ಮೊದಲ ಸಲ ಹೇಳಿದ್ದು ಉಳಿಯುವುದಿಲ್ಲ. ಒಳ್ಳೆಯ ಡಾಕ್ಟರಿಗೆ ಇದು ಗೊತ್ತಿರುತ್ತದೆ.

ಈ ಗಾಬರಿ ಎಷ್ಟು ಆಳದ್ದು ಎಂಬುದಕ್ಕೆ ಲೆಕ್ಕವೂ ಇದೆ. ತೀವ್ರ ಹೃದಯದೋಷದ ಮಕ್ಕಳ ಹೆತ್ತವರ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ 2017ರಲ್ಲಿ ಅಮೆರಿಕದ ಹಾರ್ಟ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ಇಂತಹ ಹೆತ್ತವರಲ್ಲಿ ಶೇ. 25ರಿಂದ 50ರಷ್ಟು ಮಂದಿಗೆ ಗಮನ ಕೊಡಬೇಕಾದಷ್ಟು ಖಿನ್ನತೆ ಅಥವಾ ಆತಂಕ ಇರುತ್ತದೆ. ಯುದ್ಧ, ಅಪಘಾತ ಕಂಡು ಬಂದವರನ್ನು ಕಾಡುವ ಆಘಾತದ ಲಕ್ಷಣಗಳು, ಎಂದರೆ ಕಣ್ಣು ಮುಚ್ಚಿದರೆ ಅದೇ ದೃಶ್ಯ ಬರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಶೇ. 30ರವರೆಗಿನ ಹೆತ್ತವರಲ್ಲಿ ಪೂರ್ಣ ಕಾಯಿಲೆಯ ಮಟ್ಟದಲ್ಲಿ ಕಂಡುಬಂದಿವೆ. ಐಸಿಯುವಿನಲ್ಲಿ ಅಂಗೈಯಗಲದ ಎದೆಗೆ ನಾಲ್ಕಾರು ನಳಿಕೆ ಹಾಕಿರುವುದನ್ನು ನೋಡಿದವರಿಗೆ ಇದು ಆಶ್ಚರ್ಯ ಎನ್ನಿಸದು. ಊತ ಇಳಿಯಲೆಂದು ಆಪರೇಷನ್ ಆದ ಎದೆಯ ಮೂಳೆಯನ್ನೇ ಕೆಲವೊಮ್ಮೆ ಒಂದೆರಡು ದಿನ ಮುಚ್ಚದೆ ಬಿಟ್ಟಿರುತ್ತಾರೆ. ಮೊದಲೇ ಹೇಳದೆ ತಾಯಿಯನ್ನು ಆ ಮಂಚದ ಬಳಿಗೆ ಕರೆದೊಯ್ಯುವುದು ಅನ್ಯಾಯ.

ಆದರೆ ಆಸ್ಪತ್ರೆಗಿಂತ ಮೊದಲು ಗಾಯ ಮಾಡುವುದು ಮನೆ. ಇದನ್ನು ಕಠಿಣವಾಗಿಯೇ ಹೇಳುತ್ತೇನೆ. ‘ಗ್ರಹಣದಾಗ ಹೊರಗ ಬಂದಿದ್ದೇನವ್ವಾ?’ ‘ಬಸುರಿದ್ದಾಗ ಏನ್ ತಿಂದಿ?’ ‘ನಮ್ಮ ಮನಿತನದಾಗ ಯಾರಿಗೂ ಹಿಂಗ ಇರಲಿಲ್ಲ.’ ಬೀದರ್, ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಬಂದು ನೆಲೆಸಿದ ನಮ್ಮ ಮನೆಗಳಲ್ಲಿ ಈ ಮಾತುಗಳು ಬಾಣಂತಿಯ ಎದುರೇ ಬರುತ್ತವೆ. ಬಹುಪಾಲು ಮಕ್ಕಳಲ್ಲಿ ಹೃದಯದೋಷಕ್ಕೆ ಒಂದೇ ಒಂದು ಕಾರಣವನ್ನು ಬೊಟ್ಟು ಮಾಡಿ ತೋರಿಸಲು ವೈದ್ಯರಿಗೂ ಆಗುವುದಿಲ್ಲ. ಬಸಿರಿನ ಮೊದಲ ಎರಡು ತಿಂಗಳೊಳಗೇ, ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದು ಖಚಿತವಾಗುವ ಹೊತ್ತಿಗೇ, ಕೂಸಿನ ಹೃದಯ ರೂಪುಗೊಂಡಿರುತ್ತದೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಬಸಿರಿನ ಆರಂಭದಲ್ಲಿ ರುಬೆಲ್ಲಾ ಸೋಂಕು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಕೆಲವು ಔಷಧಗಳು, ಡೌನ್ ಸಿಂಡ್ರೋಮಿನಂತಹ ವರ್ಣತಂತುವಿನ ವ್ಯತ್ಯಾಸ, ಇವು ಅಪಾಯ ಹೆಚ್ಚಿಸುತ್ತವೆ. ನಮ್ಮಲ್ಲಿ ಬಳಕೆಯಲ್ಲಿರುವ ಸೋದರಮಾವನ ಜೊತೆಗಿನ ಮದುವೆ, ಅತ್ತೆಯ ಮಗನ ಜೊತೆಗಿನ ಮದುವೆಯಂತಹ ರಕ್ತಸಂಬಂಧಗಳೂ ಅಪಾಯವನ್ನು ಸ್ವಲ್ಪ ಏರಿಸುತ್ತವೆ. ಹಾಗೆ ಮದುವೆ ಮಾಡಿಸಿದ್ದು ಹಿರಿಯರು. ದೂರು ಕೇಳುವವಳು ಮಾತ್ರ ಸೊಸೆ. ಇನ್ನೊಂದು ಮಗು ಬೇಕೆನ್ನುವಾಗ ವೈದ್ಯರ ಬಳಿ ಈ ಮಾತು ಆಡಬಹುದು, ಆಡಬೇಕು. ಐಸಿಯು ಹೊರಗಿನ ಬೆಂಚು ಅದರ ಜಾಗವಲ್ಲ.

ಹಾಲಿನ ವಿಷಯದಲ್ಲೂ ದೂರು ಬರುವುದು ತಾಯಿಯ ಮೇಲೇ. ಹೃದಯ ದಣಿದ ಕೂಸಿಗೆ ಮೊಲೆ ಚೀಪುವುದೇ ಬೆಟ್ಟ ಹತ್ತಿದಷ್ಟು ಶ್ರಮ. ಎರಡು ಗುಟುಕಿಗೆ ನಿಲ್ಲಿಸುತ್ತದೆ, ಹಣೆ ಬೆವರುತ್ತದೆ, ನಿದ್ದೆಗೆ ಜಾರುತ್ತದೆ, ಅರ್ಧ ಗಂಟೆಗೆ ಮತ್ತೆ ಹಸಿದು ಅಳುತ್ತದೆ. ತೂಕ ಏರುವುದಿಲ್ಲ. ನೋಡುವವರು ‘ನಿನ್ನ ಹಾಲಿನಾಗ ಸತ್ವ ಇಲ್ಲ’ ಎನ್ನುತ್ತಾರೆ, ಇಲ್ಲವೇ ಡಬ್ಬಿ ಹಾಲು ತಂದುಕೊಡುತ್ತಾರೆ. ಅವಳ ಹಾಲಿನಲ್ಲಿ ಯಾವ ದೋಷವೂ ಇಲ್ಲ. ಕುಡಿಯುವ ಶಕ್ತಿ ಕೂಸಿಗಿಲ್ಲ. ಇದನ್ನು ಅತ್ತೆಗೂ ತಾಯಿಗೂ ಡಾಕ್ಟರ ಬಾಯಲ್ಲೇ ಹೇಳಿಸಬೇಕು. ಕೈಯಿಂದಲೋ ಪಂಪಿನಿಂದಲೋ ಹಾಲು ಹಿಂಡಿ ಚಮಚದಲ್ಲೋ ನಳಿಕೆಯಲ್ಲೋ ಕೊಡುವುದನ್ನು ಕಲಿಸಿದರೆ ಆ ತಾಯಿಗೆ ತಾನು ಕೈಕಟ್ಟಿ ಕೂತಿಲ್ಲ ಎಂಬ ಧೈರ್ಯ ಬರುತ್ತದೆ. ನಿಲೋಫರ್‌ನಲ್ಲಿ ‘ಧಾತ್ರಿ’ ಹೆಸರಿನ ಎದೆಹಾಲಿನ ಬ್ಯಾಂಕ್ ಇದೆ. ಕೂಸಿನಿಂದ ದೂರವಾದ ತಾಯಿ ಹಾಲು ಹಿಂಡಿಡುವ ಬಗ್ಗೆ ಇಂತಹ ಕಡೆ ವಿಚಾರಿಸಬಹುದು.

ಇನ್ನೊಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೂಸಿನ ಕೈಗೆ ಕಟ್ಟುವ ಆಸ್ಪತ್ರೆಯ ಪಟ್ಟಿಯಲ್ಲಿ ತಾಯಿಯ ಹೆಸರೇ ಇರುತ್ತದೆ, ಇಂಥವರ ಮಗು ಎಂದು. ಉಳಿಯುತ್ತದೋ ಇಲ್ಲವೋ ಎಂಬ ಭಯದಲ್ಲಿ ಹೆತ್ತವರು ಹೆಸರಿಡುವುದನ್ನೇ ಮುಂದೂಡುತ್ತಾರೆ, ತೊಟ್ಟಿಲು ಶಾಸ್ತ್ರ ನಿಂತುಹೋಗುತ್ತದೆ. ಮುಟ್ಟಿದರೆ ಮಾಯೆ ಹತ್ತೀತು ಎಂದು ಕೆಲವರು ಹತ್ತಿರ ಹೋಗಲೂ ಅಂಜುತ್ತಾರೆ, ಹಾಗೆ ಅಂಜಿದ್ದಕ್ಕೆ ಆಮೇಲೆ ತಮ್ಮನ್ನೇ ಶಪಿಸಿಕೊಳ್ಳುತ್ತಾರೆ. ಇದು ಪ್ರೀತಿ ಇಲ್ಲದ್ದಲ್ಲ, ಪ್ರೀತಿಯ ಭಾರ ತಾಳಲಾಗದ್ದು. ನರ್ಸ್ ಒಬ್ಬರು ತಾಯಿಯ ಕೈ ಹಿಡಿದು ಕೂಸಿನ ಅಂಗಾಲ ಮೇಲೆ ಇಟ್ಟರೆ, ‘ಹೆಸರೇನು?’ ಎಂದು ಕೇಳಿ ಆ ಹೆಸರಿನಿಂದಲೇ ಕರೆದರೆ, ಆ ಒಂದು ದಿನ ಬೇರೆಯಾಗುತ್ತದೆ. ಇದಕ್ಕೆ ಆಸ್ಪತ್ರೆಗೆ ಏನೂ ಖರ್ಚಿಲ್ಲ.

ಅಪ್ಪಂದಿರ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. ಕುಷಾಯಿಗೂಡ, ಚರ್ಲಪಲ್ಲಿ ಕಾರ್ಖಾನೆಗಳ ಸೀಮೆ. ಇಲ್ಲೇ ಹತ್ತಿರದ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸಿನ ನೌಕರನಿಗೆ ಕೇಂದ್ರ ಸರ್ಕಾರದ ನಿಯಮದಂತೆ 15 ದಿನದ ಪಿತೃತ್ವ ರಜೆ ಸಿಗುತ್ತದೆ. ಇಂಡಸ್ಟ್ರಿಯಲ್ ಏರಿಯಾದ ಖಾಸಗಿ ಶೆಡ್ಡಿನಲ್ಲಿ ದುಡಿಯುವವನಿಗೆ ಅಂತಹ ರಜೆ ಕೊಡಲೇಬೇಕೆಂಬ ಕಾನೂನೇ ಇಲ್ಲ. ಅವನು ರಾತ್ರಿ ಆಸ್ಪತ್ರೆಯಲ್ಲಿ ನೆಲದ ಮೇಲೆ ಮಲಗಿ ಬೆಳಗ್ಗೆ ಶಿಫ್ಟಿಗೆ ಹೋಗುತ್ತಾನೆ. ಹಣ ಹೊಂದಿಸುವವನು ಅವನೇ, ಊರಿಗೆ ಫೋನು ಮಾಡುವವನು ಅವನೇ. ‘ಪ್ರಾಣಾಪಾಯ ಆಗಬಹುದು’ ಎಂದಿರುವ ಕಾಗದಕ್ಕೆ ಸಹಿ ಹಾಕಿದವನೂ ಅವನೇ, ಮತ್ತು ಅದರಲ್ಲಿ ಏನಿತ್ತೆಂದು ಹೆಂಡತಿಗೆ ಹೇಳಿರುವುದಿಲ್ಲ. ಅವಳು ಅಳಬಹುದು, ಅವನು ಅತ್ತರೆ ‘ನೀನೇ ಹಿಂಗ ಮಾಡಿದರ ಹೆಂಗಪ್ಪಾ’ ಎನ್ನುತ್ತಾರೆ. ಅವನ ಸಂಕಟ ಕೋಪವಾಗಿ, ಮೌನವಾಗಿ, ಕೆಲವು ಮನೆಗಳಲ್ಲಿ ಕುಡಿತವಾಗಿ ಹೊರಬರುತ್ತದೆ. ಅಮೆರಿಕದ ಟಿವಿ ನಿರೂಪಕ ಜಿಮ್ಮಿ ಕಿಮ್ಮೆಲ್ 2017ರ ಮೇ ತಿಂಗಳಲ್ಲಿ, ಆಗಷ್ಟೇ ಹುಟ್ಟಿದ ತನ್ನ ಮಗನ ಹೃದಯದ ಆಪರೇಷನ್ ಬಗ್ಗೆ ತನ್ನ ಕಾರ್ಯಕ್ರಮದಲ್ಲಿ ಮಾತನಾಡುತ್ತಾ ಎಲ್ಲರೆದುರು ಅತ್ತ. ಜನರನ್ನು ನಗಿಸುವುದೇ ವೃತ್ತಿಯಾದ ಮನುಷ್ಯ ಹಾಗೆ ಅತ್ತದ್ದನ್ನು ಲಕ್ಷಾಂತರ ಜನ ನೋಡಿದರು. ನಮ್ಮ ಅಪ್ಪಂದಿರಿಗೂ ಹಾಗೆ ಅಳಲು ಒಂದು ಜಾಗ ಬೇಕು. ಹೆಂಡತಿಯ ಜೊತೆ ಕೂತು ಅಳುವುದಾದರೆ ಇನ್ನೂ ಒಳ್ಳೆಯದು. ಒಬ್ಬರಿಂದ ಒಬ್ಬರು ಮುಚ್ಚಿಟ್ಟ ಭಯ ಇಬ್ಬರನ್ನೂ ದೂರ ಮಾಡುತ್ತದೆ.

ಹೈದರಾಬಾದಿನ ಕನ್ನಡಿಗರಿಗೆ ಇದರ ಮೇಲೆ ಭಾಷೆಯ ತೊಡಕು. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಇದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಇಂದಿಗೂ ಬೀದರಿನವರಿಗೆ ಏಳುನೂರು ಕಿಲೋಮೀಟರಿನ ಬೆಂಗಳೂರಿಗಿಂತ ನೂರೈವತ್ತರೊಳಗಿನ ಈ ಊರೇ ದೊಡ್ಡಾಸ್ಪತ್ರೆ. ಇಲ್ಲಿ ನೆಲೆಸಿದವರು ಸಂತೆಯ ತೆಲುಗು, ಬಸ್ಸಿನ ಹಿಂದಿ ಚೆನ್ನಾಗಿಯೇ ಆಡುತ್ತಾರೆ. ಆದರೆ ಎಕೋ ಕೋಣೆಯಲ್ಲಿ ತೆಲುಗು, ಇಂಗ್ಲಿಷ್ ಬೆರೆತು ಬರುವ ಮಾತು ಬೇರೆ. ಅರ್ಧ ತಿಳಿದ ಕೆಟ್ಟ ಸುದ್ದಿ ಪೂರ್ತಿ ತಿಳಿದದ್ದಕ್ಕಿಂತ ಹೆಚ್ಚು ಹೆದರಿಸುತ್ತದೆ. ಊರಿಂದ ಬಾಣಂತನಕ್ಕೆ ಬಂದ ಅಜ್ಜಿಗಂತೂ ಏನೂ ತಿಳಿಯದು. ಎರಡೂ ಭಾಷೆ ಬಲ್ಲ ನೆರೆಯವರು ಒಬ್ಬರು ಜೊತೆಗೆ ಹೋಗಿ, ಡಾಕ್ಟರು ಹೇಳಿದ್ದನ್ನು ಕೂಡಿಸದೆ ಕಳೆಯದೆ ಹೇಳಿದರೆ, ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂತಹ ಸಂಸ್ಥೆಗಳು ಹೀಗೆ ಆಸ್ಪತ್ರೆಗೆ ಜೊತೆಯಾಗಲು ಒಪ್ಪುವವರ ಹೆಸರುಗಳ ಒಂದು ಪಟ್ಟಿ ಇಟ್ಟುಕೊಂಡರೆ ಎಷ್ಟು ಚೆನ್ನ.

ಮಾತಾಡಲು ಯಾರೂ ಇಲ್ಲ ಎನ್ನುವವರಿಗೆ ಒಂದು ನಂಬರು ನೆನಪಿರಲಿ: 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಇದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕರೆಗೆ ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇದೆ, ಭಾಷೆ ಆರಿಸಿಕೊಳ್ಳುವ ಅವಕಾಶ ಇದೆ, ಕನ್ನಡವೂ ಅದರಲ್ಲಿದೆ.

ಹಣದ ಚಿಂತೆಯೂ ಮನಸ್ಸಿನ ಚಿಂತೆಯೇ. ಆಗಿನ ಆಂಧ್ರಪ್ರದೇಶದಲ್ಲಿ 2007ರಲ್ಲಿ ಬಂದ ಆರೋಗ್ಯಶ್ರೀ ಯೋಜನೆಗೂ ಮುನ್ನ ಬಡಮಕ್ಕಳ ಹೃದಯದ ಆಪರೇಷನ್ನಿಗೆ ಮುಖ್ಯಮಂತ್ರಿ ಪರಿಹಾರ ನಿಧಿಯ ಬಾಗಿಲು ತಟ್ಟಬೇಕಿತ್ತು. ತೆಲಂಗಾಣದಲ್ಲಿ 2023ರ ಡಿಸೆಂಬರಿನಲ್ಲಿ ಆರೋಗ್ಯಶ್ರೀ ಭರಿಸುವ ಚಿಕಿತ್ಸಾ ವೆಚ್ಚದ ಮಿತಿ ಕುಟುಂಬಕ್ಕೆ ವರ್ಷಕ್ಕೆ 10 ಲಕ್ಷ ರೂಪಾಯಿಗೆ ಏರಿತು. ಅದೇ ವರ್ಷ ಬ್ರಿಟನ್ನಿನ ಲಿವರ್‌ಪೂಲ್‌ನ ಆಲ್ಡರ್ ಹೇ ಮಕ್ಕಳ ಆಸ್ಪತ್ರೆಯ ಡಾ. ರಮಣ ದನ್ನಪುನೇನಿ ಅವರ ತಂಡ ನಿಮ್ಸ್‌ನ ವೈದ್ಯರ ಜೊತೆಗೂಡಿ ಮಕ್ಕಳಿಗೆ ಉಚಿತವಾಗಿ ಆಪರೇಷನ್ ಮಾಡಿತು. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದ ಕಾರ್ಮಿಕರಿಗೆ ಇಎಸ್‌ಐ ಇದೆ. ಕರ್ನಾಟಕದ ಆರೋಗ್ಯ ಯೋಜನೆಯ ಕಾರ್ಡು ಇಟ್ಟುಕೊಂಡಿರುವವರು ಅದು ಇಲ್ಲಿ ನಡೆಯುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಇಂತಹ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಮೊದಲ ದಿನವೇ ಕೇಳಬೇಕು. ಬಿಲ್ಲು ಬಂದ ಮೇಲೆ ಕೇಳುವುದಲ್ಲ.

ಹಣದ ಜೊತೆಗೆ ಜನರ ಆಸರೆಯೂ ಬೇಕು. 2003ರ ಜುಲೈ ಹಲವರಿಗೆ ನೆನಪಿರಬಹುದು. ನಿಂತುಹೋಗಿದ್ದ ದೆಹಲಿ-ಲಾಹೋರ್ ಬಸ್ಸು ಮತ್ತೆ ಓಡಿದಾಗ, ಪಾಕಿಸ್ತಾನದಿಂದ ಅದರಲ್ಲಿ ಬಂದ ನೂರ್ ಫಾತಿಮಾ ಎಂಬ ಎರಡೂವರೆ ವರ್ಷದ ಮಗುವಿಗೆ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಆಪರೇಷನ್ ಆಯಿತು. ಕಂಡರಿಯದ ಜನ ಆಟಿಕೆ ಕಳಿಸಿದರು, ಹರಸಿದರು. ಭಾಷೆ ಬಾರದ ಊರಿನಲ್ಲಿ, ಅದೂ ಹಗೆಯ ದೇಶ ಎಂದು ಕೇಳಿ ಬೆಳೆದ ನೆಲದಲ್ಲಿ, ಆ ಹೆತ್ತವರು ಒಂಟಿಯಾಗಲಿಲ್ಲ. ನಮ್ಮ ಪಕ್ಕದ ಬೀದಿಯ ಹೆತ್ತವರಿಗೆ ಬೇಕಾದದ್ದು ಅದರ ಸಣ್ಣ ಪಾಲು. ದೊಡ್ಡ ಮಗುವನ್ನು ಶಾಲೆಗೆ ಬಿಟ್ಟು ಬರುವುದು, ಆಸ್ಪತ್ರೆಗೆ ಬಿಸಿ ಅನ್ನ, ಸಾರಿನ ಕ್ಯಾರಿಯರ್ ಒಯ್ಯುವುದು, ಒಂದು ರಾತ್ರಿ ಬೆಂಚಿನ ಮೇಲೆ ಕೂತು ಅಪ್ಪನನ್ನು ಮಲಗಲು ಕಳಿಸುವುದು. ‘ಏನೂ ಆಗಂಗಿಲ್ಲ, ಚಿಂತಿ ಮಾಡಬ್ಯಾಡ್ರಿ’ ಎನ್ನುವುದರಿಂದ ಅವರ ಚಿಂತೆ ಕರಗುವುದಿಲ್ಲ. ಚಿಂತೆಯನ್ನು ಹೇಳಿಕೊಳ್ಳುವ ಬಾಗಿಲು ಮಾತ್ರ ಮುಚ್ಚುತ್ತದೆ.

ಆಪರೇಷನ್ ಗೆದ್ದು ಮನೆಗೆ ಬಂದ ದಿನ ಎಲ್ಲ ಮುಗಿಯಿತು ಎಂದು ಬಂಧುಗಳು ಊರಿಗೆ ಹೊರಡುತ್ತಾರೆ. ಹೆತ್ತವರ ಅತಿ ಕಷ್ಟದ ಕಾಲ ಎಷ್ಟೋ ಸಲ ಆಗ ಶುರುವಾಗುತ್ತದೆ. ಐಸಿಯುವಿನಲ್ಲಿ ಯಂತ್ರ ಕಾಯುತ್ತಿತ್ತು. ಮನೆಯಲ್ಲಿ ಕಾಯುವುದು ತಾಯಿಯ ಕಣ್ಣು ಮಾತ್ರ. ಕೂಸಿನ ಎದೆ ಏರಿಳಿಯುತ್ತಿದೆಯೇ ಎಂದು ಅವಳು ಗಂಟೆಗೊಮ್ಮೆ ಏಳುತ್ತಾಳೆ. ಆಪರೇಷನ್ನಿಗೆ ಕಾಯುತ್ತಿರುವ ನೀಲಿ ಮಗು ಅತ್ತು ಇನ್ನಷ್ಟು ನೀಲಿಯಾದಾಗ ಮೊಣಕಾಲನ್ನು ಎದೆಗೆ ಮಡಚಿ ಹಿಡಿದು ಆಸ್ಪತ್ರೆಗೆ ಧಾವಿಸಬೇಕೆಂದು ಹೇಳಿಕೊಟ್ಟಿರುತ್ತಾರೆ. ಆ ಗಳಿಗೆ ಯಾವಾಗ ಬಂದೀತೋ ಎಂಬ ಕಾವಲಿನಲ್ಲಿ ಮಗುವನ್ನು ಅಳಲೂ ಬಿಡುವುದಿಲ್ಲ. ಮಗು ಬೆಳೆದರೂ ಓಡಬೇಡ, ಆಡಬೇಡ. ಹೆಣ್ಣುಮಗುವಾದರೆ ಎದೆಯ ನಡುವಿನ ಗಾಯದ ಗೆರೆ ಕಂಡು ಮದುವೆಯ ಚಿಂತೆ ತೊಟ್ಟಿಲಲ್ಲೇ ಆರಂಭ.

ಈ ಭಯ ಮಗುವಿನ ಮೇಲೂ ಕೆಲಸ ಮಾಡುತ್ತದೆ. ಅಮೆರಿಕದ ಬಾಸ್ಟನ್ನಿನ ವೈದ್ಯರು 1991ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇಂತಹ ಮಕ್ಕಳ ಮನಸ್ಸು ಮತ್ತು ನಡವಳಿಕೆ ಎಷ್ಟು ನೆಮ್ಮದಿಯಿಂದಿದೆ ಎಂಬುದಕ್ಕೆ ಹೃದಯದೋಷದ ತೀವ್ರತೆಗಿಂತ ತಾಯಿಯ ಒತ್ತಡ ಮತ್ತು ಅವಳು ಕಾಯಿಲೆಯನ್ನು ಕಾಣುವ ಬಗೆಯ ಜೊತೆಗೇ ಬಹಳ ಹೆಚ್ಚು ನಂಟು ಕಂಡಿತು. ದಯವಿಟ್ಟು ಇದನ್ನು ತಾಯಿಯ ತಲೆಗೆ ಕಟ್ಟುವ ಇನ್ನೊಂದು ತಪ್ಪು ಮಾಡಿಕೊಳ್ಳಬೇಡಿ. ತಾಯಿಗೆ ಆಸರೆ ಕೊಟ್ಟರೆ ಮಗುವಿಗೆ ಕೊಟ್ಟಂತೆ ಎಂದು ನಾನು ಇದನ್ನು ಓದುತ್ತೇನೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಅದನ್ನು ಮಾಡಿಯೂ ನೋಡಿದರು. ಮಗುವಿನ ಕಾಯಿಲೆಯ ಬಗ್ಗೆ ತಿಳಿಸಿಕೊಟ್ಟು, ಹಾಲೂಡಿಸಲು, ಮಗುವಿನ ಜೊತೆ ಆಡಲು ಕಲಿಸಿ, ಹೆತ್ತವರು ತಮ್ಮ ಕಥೆ ಹೇಳಿಕೊಳ್ಳುವಂತೆ ಮಾಡಿದ ಒಂದು ಕಾರ್ಯಕ್ರಮದ ಫಲಿತಾಂಶ 2010ರಲ್ಲಿ ಬಂತು. ತಾಯಂದಿರ ಆತಂಕ ಇಳಿದಿತ್ತು. ಆರು ತಿಂಗಳ ಹೊತ್ತಿಗೆ ಆ ಮಕ್ಕಳ ಬುದ್ಧಿಯ ಬೆಳವಣಿಗೆಯೂ ಉಳಿದವರಿಗಿಂತ ಚೆನ್ನಾಗಿತ್ತು.

ಐದನೇ ತಿಂಗಳ ಸ್ಕ್ಯಾನಿನಲ್ಲೇ ದೋಷ ತಿಳಿಯುವವರ ಸಂಕಟ ಇನ್ನೊಂದು ಬಗೆಯದು. 2021ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ, ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿಯ ಒಪ್ಪಿಗೆಯ ಮೇಲೆ 24 ವಾರ ದಾಟಿದ ನಂತರವೂ ಗರ್ಭಪಾತಕ್ಕೆ ಅವಕಾಶವಿದೆ. ಉಳಿಸಿಕೊಳ್ಳುವುದೋ ಬೇಡವೋ ಎಂಬುದನ್ನು ನೆಂಟರ ಸಭೆ ಕೂಡಿಸಿ ತೀರ್ಮಾನಿಸುವಂತಿಲ್ಲ. ಮಕ್ಕಳ ಹೃದ್ರೋಗ ತಜ್ಞರ ಜೊತೆ ಕೂತು, ಮುಂದೇನು ಎಂದು ತಿಳಿದು, ಆ ಇಬ್ಬರೇ ನಿರ್ಧರಿಸಬೇಕು. ಯಾವ ದಾರಿ ಹಿಡಿದರೂ ಅವರು ದುಃಖಿಸುತ್ತಾರೆ, ಯಾವ ದಾರಿಗೂ ಅವರನ್ನು ಹಳಿಯಬಾರದು.

ಅಳು, ಭಯ, ನಿದ್ದೆಗೇಡು ಮೊದಲ ದಿನಗಳಲ್ಲಿ ಎಲ್ಲರಿಗೂ ಬರುವಂಥವು. ಎರಡು ವಾರ ಕಳೆದರೂ ತಗ್ಗದಿದ್ದರೆ, ಕೂಸು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಆಸ್ಪತ್ರೆಯ ಹೆಸರೆತ್ತಿದರೆ ಕೈಕಾಲು ನಡುಗಿ ತಪಾಸಣೆಗೆ ಹೋಗುವುದನ್ನೇ ತಪ್ಪಿಸತೊಡಗಿದರೆ, ಮನೋವೈದ್ಯರನ್ನು ಕಾಣಬೇಕು. ‘ನಾನೂ ಕೂಸೂ ಇಲ್ಲದಿದ್ದರೇ ಒಳ್ಳೆಯದು’ ಎಂಬ ಮಾತು ಬಂದರೆ ಅದೇ ದಿನ ಕರೆದೊಯ್ಯಬೇಕು. ಅಲ್ಲಿಯವರೆಗೆ ಅವಳನ್ನು ಒಂಟಿಯಾಗಿ ಬಿಡಬಾರದು. ಬಾಣಂತಿಗೆ ಕೊಡಬಹುದಾದ ಔಷಧಗಳಿವೆ, ಹಾಲೂಡಿಸುತ್ತಲೇ ತೆಗೆದುಕೊಳ್ಳುವಂಥವೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ.

ಕೆಲವು ಮಕ್ಕಳು ಉಳಿಯುವುದಿಲ್ಲ. ಅಂದಿಗೆ ಫೈಲು ಮುಚ್ಚುತ್ತದೆ, ಆಸ್ಪತ್ರೆಗೂ ಆ ಮನೆಗೂ ಸಂಬಂಧ ಕಡಿಯುತ್ತದೆ. ‘ಇನ್ನೊಂದು ಆಗ್ತದ ಬಿಡವ್ವಾ’ ಎನ್ನುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಆ ತಾಯಿಗೆ ಬೇಕಿದ್ದದ್ದು ಆ ಮಗು. ಒಂದು ತಿಂಗಳ ನಂತರ ಆಸ್ಪತ್ರೆಯಿಂದ ಒಂದು ಫೋನು ಹೋಗಬೇಕು: ‘ಹೇಗಿದ್ದೀರಮ್ಮಾ? ಏನಾದರೂ ಕೇಳುವುದಿತ್ತೇ?’ ತಾನೇನೋ ತಪ್ಪು ಮಾಡಿದೆನೇ ಎಂಬ ಪ್ರಶ್ನೆಯನ್ನು ಅವರು ಇಟ್ಟುಕೊಂಡಿರುತ್ತಾರೆ, ಅದಕ್ಕೆ ಉತ್ತರ ಹೇಳಬಲ್ಲವರು ಆ ವೈದ್ಯರು ಮಾತ್ರ.

ಇದಕ್ಕೆಲ್ಲ ಹೊಸ ಇಲಾಖೆ ಬೇಕಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಡುಕಬೇಕಾದ ದೋಷಗಳ ಪಟ್ಟಿಯಲ್ಲಿ ಜನ್ಮಜಾತ ಹೃದ್ರೋಗವೂ ಇದೆ. ಅದರಡಿ ಜಿಲ್ಲಾ ಮಟ್ಟದಲ್ಲಿ ತೆರೆಯುವ ಕೇಂದ್ರಗಳ ಸಿಬ್ಬಂದಿ ಪಟ್ಟಿಯಲ್ಲಿ ಮನಃಶಾಸ್ತ್ರಜ್ಞರ ಹುದ್ದೆ ಇದೆ, ಸಮಾಜಸೇವಕರ ಹುದ್ದೆಯೂ ಇದೆ. ಮಗುವನ್ನು ತಪಾಸಣೆಗೆ ಕರೆತಂದ ದಿನ ತಾಯಿಯನ್ನೂ ತಂದೆಯನ್ನೂ ಪಕ್ಕದ ಕೋಣೆಯಲ್ಲಿ ಕೂರಿಸಿ ಹತ್ತು ನಿಮಿಷ ಮಾತಾಡಿಸುವುದನ್ನು ಅವರ ಕೆಲಸಕ್ಕೆ ಸೇರಿಸಬೇಕು. ಬಾಣಂತಿಯರ ಖಿನ್ನತೆ ಗುರುತಿಸಲು 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಇರುವುದು 10 ಪ್ರಶ್ನೆ, ಅದರ ಕನ್ನಡ ರೂಪವೂ ಸಿದ್ಧವಿದೆ. ಮಗುವಿನ ತಪಾಸಣೆಯ ಕಾರ್ಡಿನಲ್ಲಿ ತೂಕದ ಕೆಳಗೆ ತಾಯಿಗೊಂದು, ತಂದೆಗೊಂದು ಸಾಲು ಅಚ್ಚು ಹಾಕಿಸಿ, ಪ್ರತಿ ಭೇಟಿಗೂ ತುಂಬಿಸಬೇಕು. ತೆಲಂಗಾಣವೂ ಕರ್ನಾಟಕವೂ ಈ ವರ್ಷವೇ ಮಾಡಬಹುದಾದ ಕೆಲಸ ಇದು.